ಪಿಯೆರೆತ್‌ಳ ಕೊಳ ಕುಸಿದ ವರ್ಷ

ನಮ್ಮ ಬೀದಿಯ ಪಿಯೆರೆತ್ ಗ್ರೆನಿಯೆ ಇಪ್ಪತ್ತೇಳು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಸೇಂಟ್ ಮೊರಿಸ್ ನದಿಯ ದಂಡೆಗುಂಟ, ಮೊಣಕಾಲುದ್ದ ಹಿಮ ಬಿದ್ದ ದಿನವೂ ತಡಮಾಡಿದವಳಲ್ಲ. ಆದರೆ ಅವಳಿಗೆ ಈಜು ಬರುತ್ತಿರಲಿಲ್ಲ. ಬಸ್ಸು ನದಿಗೆ ಉರುಳಿದರೆ ನಲವತ್ತು ಮಕ್ಕಳನ್ನು ಹೇಗೆ ಹೊರತರುವುದು ಎಂದು ಪ್ರತಿ ತಿರುವಿನಲ್ಲೂ ಯೋಚಿಸುತ್ತಿದ್ದಳಂತೆ. ಅವಳ ಯೋಚನೆಯಲ್ಲಿ ಮಕ್ಕಳೆಲ್ಲ ಪಾರಾಗುತ್ತಿದ್ದರು, ಅವಳೊಬ್ಬಳನ್ನು ಬಿಟ್ಟು.

ಹಿತ್ತಲಲ್ಲಿ ಮಾತ್ರ ಇಪ್ಪತ್ತನಾಲ್ಕು ಅಡಿಯ ಈಜುಕೊಳವಿತ್ತು. ನಮ್ಮೂರು ಶಾವಿನಿಗನ್‌ನಲ್ಲಿ ಅದೇನು ದೊಡ್ಡಸ್ತಿಕೆಯಲ್ಲ. ನೆಲ ಅಗೆಯುವ ಗೋಜಿಲ್ಲದೆ ಎದೆಯೆತ್ತರದ ತಗಡಿನ ಗೋಡೆಯನ್ನು ದುಂಡಗೆ ನಿಲ್ಲಿಸಿ, ಒಳಗೆ ನೀಲಿ ಪ್ಲಾಸ್ಟಿಕ್ ಹಾಸು ಹಾಕಿ ನೀರು ಬಿಟ್ಟರೆ ಕೊಳ. ಮಕ್ಕಳು ಈಜುವಾಗ ಪಿಯೆರೆತ್ ಏಣಿಯ ಮೇಲೆ ಕೂತು ಪಾದ ಅದ್ದುತ್ತಿದ್ದಳು. ಅವಳು ಒಳಗಿಳಿದದ್ದು ಅರವತ್ತೊಂದನೇ ವಯಸ್ಸಿನಲ್ಲಿ, ನಿವೃತ್ತಳಾದ ಮಾರನೆಯ ದಿನ. ಯಾರಿಗೂ ಹೇಳದೆ ಅಂಚು ಹಿಡಿದು ಸುತ್ತು ಹಾಕಿದಳು. ಮೊದಲ ಬೇಸಿಗೆ ಎರಡು ಕೈ, ಎರಡನೇ ಬೇಸಿಗೆ ಒಂದು ಕೈ, ಮೂರನೆಯದರಲ್ಲಿ ಕೈ ಬಿಟ್ಟಳು. ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದ ನಾನು ಅದನ್ನು ಕಣ್ಣಾರೆ ಕಂಡೆ. ಕಂಡವಳು ಸುಮ್ಮನಿರಲಾರದೆ ಬೀದಿಗೆಲ್ಲ ಹೇಳಿದೆ.

ಅಲ್ಲಿಂದ ಶುರುವಾಯಿತು. ಪ್ರತಿ ಬೇಸಿಗೆ ಬೆಳಿಗ್ಗೆ ಹತ್ತಕ್ಕೆ ನಾವು ಒಂಬತ್ತು ಹೆಂಗಸರು ಅವಳ ಕೊಳದಲ್ಲಿ. ಎಲ್ಲರೂ ಒಂದೇ ದಿಕ್ಕಿಗೆ ಗೋಡೆಗುಂಟ ನಡೆದೂ ನಡೆದೂ ನೀರನ್ನು ಸುಳಿ ಎಬ್ಬಿಸುವುದು, ಆಮೇಲೆ ಕಾಲು ಎತ್ತಿ ತೇಲುತ್ತ ಸುತ್ತುವುದು. ಊರಿನ ಅರ್ಧ ಸುದ್ದಿ ಹುಟ್ಟುತ್ತಿದ್ದದ್ದು ಆ ಸುಳಿಯಲ್ಲೇ.

ಅವಳ ಗಂಡ ಒನಿಲ್ ಕಾಗದದ ಕಾರ್ಖಾನೆಯಿಂದ ನಿವೃತ್ತನಾದವನು. ಮೂವತ್ತು ವರ್ಷ ಎಲೆ ಬಾಚಿದ್ದು, ಕ್ಲೋರಿನ್ ಸುರಿದದ್ದು, ಪಂಪು ಬಿಚ್ಚಿ ಕಟ್ಟಿದ್ದು ಎಲ್ಲ ಅವನೇ. ಕೊಳಕ್ಕಿಳಿದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಕಾಲು ಜಾರಿ. ಕೊಳವನ್ನು ಅವನು 'ನನ್ನ ಎರಡನೇ ಅತ್ತೆ' ಎಂದು ಕರೆಯುತ್ತಿದ್ದ.

ಆ ವರ್ಷ ಏಪ್ರಿಲ್ ಮೂರನೇ ವಾರ, ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ, ಅವರ ಹಿತ್ತಲಲ್ಲಿ ಬೀರು ಉರುಳಿದಂಥ ಸದ್ದಾಯಿತು. ನಾನು ಚಪ್ಪಲಿಯಲ್ಲೇ ಹಿಮದ ಕೆಸರು ದಾಟಿ ಓಡಿದೆ. ಚಳಿಗಾಲದಲ್ಲಿ ಪ್ಲಾಸ್ಟಿಕ್ ಹಾಸು ಎಲ್ಲೋ ಹರಿದು ಅಡಿಯ ನೀರೆಲ್ಲ ಸೋರಿಹೋಗಿತ್ತು. ಮೇಲೆ ಹಾಸಿಗೆಯಷ್ಟು ದಪ್ಪದ ಮಂಜುಗಡ್ಡೆ ಆಧಾರವಿಲ್ಲದೆ ನಿಂತಿತ್ತು. ಬಿಸಿಲಿಗೆ ಅದು ಕುಸಿಯುವಾಗ ಗೋಡೆಯನ್ನೂ ಒಳಕ್ಕೆಳೆದುಕೊಂಡಿತ್ತು. ಕೊಳವೆಂಬುದು ಯಾರೋ ಒದ್ದ ಬಿಸ್ಕತ್ತಿನ ಡಬ್ಬಿಯಂತೆ ಬಿದ್ದಿತ್ತು.

ಒನಿಲ್ ಮುಖದಲ್ಲಿ ದುಃಖ ತಂದುಕೊಳ್ಳಲು ತುಂಬ ಶ್ರಮಪಡುತ್ತಿದ್ದ. ಮಧ್ಯಾಹ್ನದೊಳಗೆ ಟೇಪು ಹಿಡಿದು ಆ ಜಾಗ ಅಳೆದದ್ದನ್ನು ನಾನೇ ನೋಡಿದೆ. ಅಡಿಯಲ್ಲಿ ಮರಳು ಹೇಗೂ ಇದೆ, ಕಬ್ಬಿಣದ ಗುಂಡು ಎಸೆಯುವ ಪೆತಾಂಕ್ ಆಟಕ್ಕೆ ಹೇಳಿ ಮಾಡಿಸಿದ ಅಂಗಳ ಎಂದು ಅವನು ಗೆಳೆಯರಿಗೆ ಫೋನಿನಲ್ಲಿ ಹೇಳುತ್ತಿದ್ದನಂತೆ.

ಪಿಯೆರೆತ್ ತನ್ನ ಅಣ್ಣ ರೊಸೈರ್‌ನನ್ನು ಕರೆಸಿದಳು. ಎಪ್ಪತ್ನಾಲ್ಕರ ರೊಸೈರ್ ಜೀವಮಾನವಿಡೀ ಮನೆಗಳಿಗೆ ತಗಡಿನ ಮಾಡು ಹೊದಿಸಿದವನು. ಅವನು ಕೊಳದ ಸುತ್ತ ಮೂರು ಸಲ ತಿರುಗಿ, ಗೋಡೆಯನ್ನು ಬೆರಳಿನಿಂದ ತಟ್ಟಿ, ಇದು ರಿಪೇರಿಯ ಮಾತಲ್ಲ, ಹೊಸದೇ ಆಗಬೇಕು ಅಂದ. ಆಮೇಲೆ ಕೇಳಿದ, "ಅದ್ಸರಿ, ಗಾಳಿದಿಂಬು ಎಲ್ಲಿ?"

ಅಕ್ಟೋಬರಿನಲ್ಲಿ ಕೊಳ ಮುಚ್ಚುವಾಗ ಹೊದಿಕೆಯಡಿ ನಡುಮಧ್ಯೆ ಗಾಳಿ ತುಂಬಿದ ದೊಡ್ಡ ದಿಂಬು ತೇಲಿಬಿಡುತ್ತೇವೆ. ಮಂಜುಗಡ್ಡೆ ಹಿಗ್ಗಿದಾಗ ಗೋಡೆಯನ್ನು ಒತ್ತುವ ಬದಲು ಅದನ್ನು ಅದುಮಲಿ ಎಂದು. ಅವರ ಕೊಳದಲ್ಲಿ ಆ ದಿಂಬಿನ ಸುಳಿವೇ ಇರಲಿಲ್ಲ. ಒಡೆದುಹೋಗಿರಬೇಕು ಅಂದ ಒನಿಲ್. ಒಡೆದರೆ ಚಿಂದಿಯಾದರೂ ಸಿಗಬೇಕಲ್ಲ ಅಂದ ರೊಸೈರ್. ಅಳಿಲು ಒಯ್ದಿರಬಹುದು ಅಂದ ಒನಿಲ್. ಪಿಯೆರೆತ್ ಗಂಡನನ್ನು ಒಮ್ಮೆ ನೋಡಿ ಒಳಗೆ ಹೋದಳು. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನವರನ್ನು ಅವಳು ನೋಡುತ್ತಿದ್ದದ್ದು ಹಾಗೇ.

ಹೊಸ ಕೊಳ ಕೊಳ್ಳಲಿಲ್ಲ. ನಮ್ಮಲ್ಲಿ ಮಕ್ಕಳು ದೊಡ್ಡವರಾದ ಮನೆಯವರು ಜಾಹೀರಾತು ಹಾಕುತ್ತಾರೆ: ಬಿಚ್ಚಿಕೊಂಡು ಹೋಗುವವರಿಗೆ ಕೊಳ ಪುಕ್ಕಟೆ. ಪಕ್ಕದ ಹಳ್ಳಿಯಲ್ಲಿ ಅಂಥದೊಂದು ಸಿಕ್ಕಿತು, ಹದಿನೆಂಟು ಅಡಿಯದು. ಮೇ ತಿಂಗಳ ಒಂದು ಶನಿವಾರ ರೊಸೈರ್, ಒನಿಲ್ ಇಬ್ಬರೂ ಹೋಗಿ ನೂರಾರು ತಿರುಪು ಬಿಚ್ಚಿ, ಗೋಡೆಯನ್ನು ಚಾಪೆಯಂತೆ ಸುರುಳಿ ಸುತ್ತಿ, ಹಗ್ಗ ಬಿಗಿದು ಟ್ರೇಲರ್‌ನಲ್ಲಿ ತಂದರು. ಕರಿನೊಣ ಕಚ್ಚಿ ಇಬ್ಬರ ಕಿವಿಯೂ ಹೂಕೋಸಿನಂತೆ ಊದಿತ್ತು. ಪುರಸಭೆಯ ಪರವಾನಗಿ, ಸುತ್ತ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು, ಎಲ್ಲ ಆಯಿತು. ಮರಳು ಹೊತ್ತು ಮಟ್ಟ ಮಾಡುವ ಕೆಲಸ ಪೂರ್ತಿ ಒನಿಲ್‌ಗೆ ಬಿತ್ತು. ಸೊಂಟ ಹಿಡಿದುಕೊಂಡು ಗೊಣಗಿದನೇ ಹೊರತು ಅವನು ವಾದಿಸಲಿಲ್ಲ. ಅದೇ ನನಗೆ ಅನುಮಾನ ಹುಟ್ಟಿಸಿತು.

ಗೋಡೆ ನಿಲ್ಲಿಸುವ ದಿನ ನಾವು ಒಂಬತ್ತೂ ಜನ ಹಾಜರು. ಗೋಡೆಯ ಎರಡು ತುದಿ ಸೇರಿಸಿ ತಿರುಪು ಹಾಕಿದರೂ ಮೇಲಿನ ಪಟ್ಟಿ ಕೂರುವವರೆಗೆ ಅದು ಕಾಗದದಂತೆ ಓಲಾಡುತ್ತದೆ, ಸುತ್ತಲೂ ಹಿಡಿದುಕೊಳ್ಳಲು ಕೈ ಬೇಕು. ಒನಿಲ್ ಒಳಗೆ ನಿಂತು ಮರಳು ಸರಿಮಾಡುತ್ತಿದ್ದ. ರೊಸೈರ್ ಕೊನೆಯ ತಿರುಪು ಬಿಗಿದು, ತಾನು ಮೇಲಿನ ಪಟ್ಟಿ ತರುತ್ತೇನೆಂದು ಗ್ಯಾರೇಜಿಗೆ ಹೋದ. ಆಗ ಗಾಳಿ ಎದ್ದಿತು. ನಾವೆಲ್ಲ ಗೋಡೆಯನ್ನು ತಬ್ಬಿ ಹಿಡಿದೆವು. ನಡುವೆ ಒನಿಲ್, ಎದೆಯವರೆಗೆ ತಗಡು, ಸುತ್ತ ಒಂಬತ್ತು ಹೆಂಗಸರ ಮುಖ.

ಅವನು ಎರಡೂ ಕಡೆ ಮೆಟ್ಟಿಲಿರುವ ಕೊಳದ ಏಣಿ ಕೇಳಿದ. ಏಣಿ ಪಿಯೆರೆತ್‌ಳ ಬೆನ್ನ ಹಿಂದೆಯೇ ಒರಗಿತ್ತು.

"ಕೊಡ್ತೀನಿ," ಅಂದಳು ಅವಳು. "ಮೊದಲು ದಿಂಬಿನ ಕತೆ ಹೇಳು."

"ಅಳಿಲು ಅಂತ ಹೇಳಿದ್ನಲ್ಲ."

"ಆ ಅಳಿಲಿಗೆ ಎಪ್ಪತ್ತೆರಡು ವಯಸ್ಸು, ಸೊಂಟ ನೋವು ಇದ್ಯಾ?"

ನಗು ತಡೆಯಲಾರದೆ ನಾನು ಗೋಡೆ ಬಿಡುವುದರಲ್ಲಿದ್ದೆ. ಒನಿಲ್ ನನ್ನ ಕಡೆ ತಿರುಗಿದ. "ಲಿಸೆತ್, ನೀನಾದ್ರೂ ಹೇಳು ಮಾರಾಯ್ತಿ. ನಾನು ಹತ್ತೋಕೆ ಹೋದ್ರೆ ಗೋಡೆ ಮಡಚ್ಕೊಳ್ಳುತ್ತೆ."

"ಹತ್ತಬೇಡ, ಒನಿಲ್," ಅಂದೆ. "ಹೇಳಿಬಿಡು. ನಮಗೂ ಕೈ ನೋಯ್ತಿದೆ."

ಅವನು ಮರಳನ್ನು ಸ್ವಲ್ಪ ಹೊತ್ತು ಕಾಲಿನಿಂದ ಗೀಚಿದ. ಆಮೇಲೆ ನಿಜ ಬಂತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಅವನು ಹೂಡುವ ಗುಡಿಸಲಿಗೆ ದಿಂಬು ಹೋಗಿತ್ತು. ಅಲ್ಲಿಯ ಬೆಂಚು ಗಟ್ಟಿ, ಕೆಳಗೆ ಮಂಜುಗಡ್ಡೆ, ಮೀನು ಕಚ್ಚುವವರೆಗೆ ಒರಗಿಕೊಳ್ಳಲು ಏನಾದರೂ ಬೇಕಿತ್ತು. "ನಾಲ್ಕು ದಿನಕ್ಕೆ ಅಂತ ತಗೊಂಡೆ, ಪಿಯೆರೆತ್. ತುಂಬ ಮೆತ್ತಗಿತ್ತು. ವಾಪಸ್ ಇಡೋ ಹೊತ್ತಿಗೆ ಹೊದಿಕೆ ಮೇಲೆ ಒಂದಡಿ ಹಿಮ."

"ನನ್ನ ಕೊಳ ಒಡೆದು ನಿದ್ದೆ ಮಾಡಿದ್ದೀಯ. ಮೀನಾದ್ರೂ ಸಿಕ್ತಾ?"

"ಎರಡು," ಅಂದ ಒನಿಲ್. ಯೋಚಿಸಿ, "ಒಂದು ಚಿಕ್ಕದು," ಎಂದು ಸೇರಿಸಿದ.

ಅವಳು ಏಣಿ ದಾಟಿಸಿದಳು. ಅವನು ಇಳಿದು ಬಂದಾಗ ತೋಳಿಗೆ ಮೆಲ್ಲಗೆ ಗುದ್ದಿದಳು, ಅಷ್ಟೆ. ಕೊಳ ಕುಸಿದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆವತ್ತೇ ಮೊದಲು.

ಬಿಸಿಲು ಚೆನ್ನಾಗಿದ್ದ ದಿನ ನೋಡಿ ಹೊಸ ಹಾಸು ಹಾಕಿದರು. ಬಿಸಿಲಿಗೆ ಮೆತ್ತಗಾದರೆ ಅದು ಸರಿಯಾಗಿ ಎಳೆದುಕೊಳ್ಳುತ್ತದೆ. ಮನೆಯ ಕಸ ಹೀರುವ ಯಂತ್ರದಿಂದ ಗೋಡೆಗೂ ಹಾಸಿಗೂ ನಡುವಿನ ಗಾಳಿ ಹೀರಿಸಿದಾಗ ಸುಕ್ಕುಗಳೆಲ್ಲ ಮಾಯವಾದವು. ನನ್ನ ಕತ್ತಿಗೂ ಯಾರಾದರೂ ಹೀಗೆ ಮಾಡಬಾರದೇ ಅಂದಳು ಪಿಯೆರೆತ್. ನೀರು ತುಂಬಲು ಒಂದೂವರೆ ದಿನ ಹಿಡಿಯಿತು.

ನೀರು ತುಂಬಿದ ಸಂಜೆ ಒಲೆಯ ಮೇಲೆ ಹಾಟ್‌ಡಾಗ್ ಸುಡುತ್ತಿದ್ದಾಗ ರೊಸೈರ್ ಬಿಯರ್ ಕುಡಿಯುತ್ತ ಸಹಜವಾಗಿ ಹೇಳಿದ: ಹಳೆಯ ಗೋಡೆಯನ್ನು ಪಂಪಿನ ತೂತಿನ ಹತ್ತಿರ ತುಕ್ಕು ತಿಂದುಬಿಟ್ಟಿತ್ತು. ಅದರ ಚೂಪು ಅಂಚೇ ಹಾಸನ್ನು ಹರಿದದ್ದು. ಹತ್ತು ದಿಂಬು ಇಟ್ಟಿದ್ದರೂ ಆ ಕೊಳ ಉಳಿಯುತ್ತಿರಲಿಲ್ಲ.

ಒನಿಲ್ ಚಿಮಟ ಹಿಡಿದು ನಿಂತೇಬಿಟ್ಟ. "ಇದು ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ. ತಂಗಿಗೂ ಹೇಳಿದ್ದೆ. ಮರಳು ಹೊತ್ತು ಮುಗಿಯೋವರೆಗೂ ಬಾಯಿ ಬಿಡಬೇಡ ಅಂದ್ಲು."

ಪಿಯೆರೆತ್ ತನ್ನ ಹಾಟ್‌ಡಾಗಿಗೆ ಸಾಸಿವೆ ಹಚ್ಚುವುದರಲ್ಲಿ ಮುಳುಗಿದ್ದಳು. ಒನಿಲ್ ಆ ರಾತ್ರಿಯೆಲ್ಲ ಅವಳೊಡನೆ ಮಾತಾಡಲಿಲ್ಲವಂತೆ. ಬೆಳಿಗ್ಗೆ ಅವನೇ ಎದ್ದು ಎಲೆ ಬಾಚಿದ.

ಹೊಸ ಕೊಳದಲ್ಲಿ ನಮ್ಮ ಸುಳಿ ಮೊದಲಿಗಿಂತ ಬೇಗ ಏಳುತ್ತಿತ್ತು, ಜಾಗ ಕಡಿಮೆಯಲ್ಲವೇ, ಮೊಣಕೈಗೆ ಮೊಣಕೈ ತಾಗುತ್ತಿತ್ತು. ಆದರೆ ಪಿಯೆರೆತ್‌ಗೆ ಅದು ಸಾಕಾಗಲಿಲ್ಲ. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಗೋಡೆ. ಜುಲೈ ಪೂರ್ತಿ ಅದನ್ನೇ ದೂರಿದಳು. ಆಗಸ್ಟ್ ಮೊದಲ ಭಾನುವಾರ ಇನ್ನು ತಡೆಯಲಾರೆ ಅಂದವಳೇ ಟವೆಲ್ ಹೆಗಲಿಗೆ ಹಾಕಿ ಕೆರೆಗೆ ಹೊರಟಳು. ನಾವೆಲ್ಲ ಹಿಂದೆ ಹೋದೆವು.

ದಂಡೆಯಿಂದ ಎಂಬತ್ತು ಗಜ ದೂರದಲ್ಲಿ ಮರದ ತೇಲುವ ಕಟ್ಟೆಯೊಂದಿದೆ, ಮಕ್ಕಳು ಅದರ ಮೇಲಿಂದ ಹಾರುತ್ತಾರೆ. ಹಿಡಿಯಲು ಅಂಚಿಲ್ಲದ ನೀರಿಗೆ ಎಪ್ಪತ್ತೊಂದರ ಪಿಯೆರೆತ್ ಸೊಂಟದವರೆಗೆ ಇಳಿದು ನಿಂತಳು. ಬಹಳ ಹೊತ್ತು ನಿಂತಳು. ತಿರುಗಿ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ, ಮುಂದಕ್ಕೆ ಬಾಗಿ ಹೊರಟೇಬಿಟ್ಟಳು. ಒನಿಲ್ ತನ್ನ ಮೀನಿನ ದೋಣಿಯನ್ನು ನೀರಿಗೆ ತಳ್ಳಿ ಹಿಂದೆಯೇ ಹುಟ್ಟು ಹಾಕಿದ. ಆ ಕೆರೆಯ ತಳ ಅವನಿಗೆ ಅಂಗೈಯಷ್ಟು ಪರಿಚಯ.

"ಇಲ್ಲಿ ಹತ್ತಡಿ," ಅಂತ ಕೂಗಿದ. ಸ್ವಲ್ಪ ಮುಂದೆ, "ಇಲ್ಲಿ ಹದಿನಾರು."

"ಬಾಯಿ ಮುಚ್ಕೊಂಡು ದೋಣಿ ನಡೆಸು, ಮುದುಕಾ," ಅಂದಳು ಅವಳು, ಉಸಿರಿನ ನಡುವೆ.

ಅವನು ಬಾಯಿ ಮುಚ್ಚಿದ. ಅವಳು ಕಟ್ಟೆಯನ್ನು ಮುಟ್ಟಿ, ಎರಡು ಸಲ ಜಾರಿ, ಮೂರನೇ ಸಲ ಹತ್ತಿ ಕೂತು ನಮ್ಮ ಕಡೆ ಕೈ ಬೀಸಿದಳು. ದೋಣಿಯಲ್ಲಿ ವಾಪಸು ಬರಲು ಒನಿಲ್ ಎಷ್ಟು ಕರೆದರೂ ಒಪ್ಪಲಿಲ್ಲ.