ತೊಟ್ಟಣ್ಣ ಪಾಸು ಮಾಡದ ಯಂತ್ರಗಳು

ಅರೆದ ಮಾಂಸವನ್ನು ಪೊರೆಗೆ ತುಂಬಿ ಸಾಸೇಜು ಮಾಡುವ ಯಂತ್ರದ ಕೊಳವೆಯೊಳಗೆ ತೊಟ್ಟಣ್ಣನ ತೋರುಬೆರಳು ಸಿಕ್ಕಿಕೊಂಡಾಗ ಅಂಗಡಿಯಲ್ಲಿ ಜನ ಇದ್ದದ್ದೇ ತಪ್ಪಾಯಿತು. ಯಾರೂ ಇಲ್ಲದಿದ್ದರೆ ಅವನ ಹೆಂಡತಿ ಒಂದಿಷ್ಟು ಸೋಪಿನ ನೀರು ಕೇಳಿ, ಎಳೆದು, ಬೈದು, ವಿಷಯ ಮುಗಿಸುತ್ತಿದ್ದಳು. ಈಗ ಕುಕ್ಕರಿನ ಮುಚ್ಚಳಕ್ಕೆ ಬಂದವರು, ಚಾಕು ಸಾಣೆಗೆ ಕೊಟ್ಟವರು, ಏನೂ ಕೊಳ್ಳದೆ ಫ್ಯಾನಿನ ಕೆಳಗೆ ನಿಂತವರು, ಎಲ್ಲರೂ ಸುತ್ತ ನೆರೆದು ತಲೆಗೊಂದು ಸಲಹೆ ಕೊಡತೊಡಗಿದರು. ಒಬ್ಬರು ಎಣ್ಣೆ ಎಂದರು, ಒಬ್ಬರು ಐಸು ಎಂದರು. ಇನ್ನೊಬ್ಬರು ಬೆರಳಿನ ಬಗ್ಗೆ ಏನೂ ಹೇಳದೆ, ಗರಗಸಗಳು ಪಕ್ಕದ ಸಾಲಿನಲ್ಲಿವೆ ಎಂದಷ್ಟೇ ತಿಳಿಸಿದರು. ಹೆಂಡತಿ ಮೆಲ್ಲಗೆ ಹಿಂದೆ ಸರಿದು, ಪೇರಿಸಿಟ್ಟ ಪಾತ್ರೆಗಳ ಮರೆಯಲ್ಲಿ ನಿಂತು, ತನಗೂ ಆ ಬೆರಳಿಗೂ ಸಂಬಂಧವೇ ಇಲ್ಲ ಎಂಬಂತೆ ಒಂದು ಸೌಟಿನ ಹಿಡಿಯನ್ನು ಪರೀಕ್ಷಿಸತೊಡಗಿದಳು.

"ಏ ಇವಳೇ, ಎಲ್ಲಿ ಹೋದೆ?" ಎಂದ ತೊಟ್ಟಣ್ಣ, ಮಹಾ ಶಾಂತನಾಗಿ. "ಇದರ ಒಳಗಡೆ ಫಿನಿಶಿಂಗ್ ಸರಿಯಿಲ್ಲ. ಸರಿಯಾಗಿದ್ದಿದ್ರೆ ಬೆರಳು ತಾನಾಗೇ ಬರ್ತಿತ್ತು."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ಸೌಟು ಹಿಡಿದವಳನ್ನು ನೋಡಿದರು.

ಬೆರಳು ಕೊನೆಗೆ ಅಡುಗೆ ಎಣ್ಣೆಯಲ್ಲಿ ಬಂತು. ಯಂತ್ರ ಮಾತ್ರ ಮನೆಗೆ ಬರಲಿಲ್ಲ. ಅದು ಅವನು ತಳ್ಳಿಹಾಕಿದ ಎಷ್ಟನೆಯ ಯಂತ್ರವೋ ಅವಳಿಗೆ ಲೆಕ್ಕ ತಪ್ಪಿಹೋಗಿತ್ತು.

ತಳ್ಳಿಹಾಕುವುದು ಅವನ ಹವ್ಯಾಸವಲ್ಲ, ಉದ್ಯೋಗ. ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿ ಅವನದು ಕೊನೆಯ ಮೇಜು. ಸಿದ್ಧವಾಗಿ ಬಂದ ಪ್ರತಿ ನಲ್ಲಿಯನ್ನೂ ನೀರಿನ ಪೈಪಿಗೆ ಸಿಕ್ಕಿಸುವುದು, ತಿರುಗಿಸುವುದು, ಮುಚ್ಚುವುದು, ಆಮೇಲೆ ಅದರ ಬಾಯಿಯ ಕೆಳಗೆ ಒಣ ಕಾಗದ ಹಿಡಿದು ಕಾಯುವುದು. ಒಂದೇ ಒಂದು ತೊಟ್ಟು ಬಿದ್ದರೆ ಆ ನಲ್ಲಿ ಕೆಂಪು ಡಬ್ಬಿಗೆ. ಅಲ್ಲಿಂದಲೇ ತೊಟ್ಟಣ್ಣ ಎಂಬ ಹೆಸರು. ತೊಟ್ಟಿಲಲ್ಲಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಬೇಡ ಎನ್ನುವುದಕ್ಕೇ ಸಂಬಳ ಪಡೆಯುವ ಮನುಷ್ಯ ಮನೆಗೆ ಬಂದು ಹೂಂ ಎನ್ನುವುದಾದರೂ ಹೇಗೆ? ಅವನ ಮನೆಯಲ್ಲಿ ಛತ್ರಿ ಇರಲಿಲ್ಲ, ಏಕೆಂದರೆ ಸರಿಯಾದ ಛತ್ರಿ ಯಾರೂ ಮಾಡುತ್ತಿರಲಿಲ್ಲ. ಕಿಟಕಿಗೆ ಅರ್ಧ ಪರದೆ ಇತ್ತು, ಉಳಿದರ್ಧದ ಬಟ್ಟೆಯ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡಿತ್ತು. "ನೋಡಿದ ಕೂಡಲೇ ಪಾಸು ಮಾಡಿದ್ದು ನನ್ನೊಬ್ಬಳನ್ನೇ" ಎಂದು ಹೆಂಡತಿ ಆಗಾಗ ಚುಚ್ಚುವುದುಂಟು. ಆಗಿನ್ನೂ ತಾನು ಕೆಲಸಕ್ಕೆ ಹೊಸಬ ಎಂದು ಅವನು ಸಮಜಾಯಿಷಿ ಕೊಡುತ್ತಿದ್ದ.

ಹೀಗೆ ಜಗತ್ತಿನ ಸಕಲ ವಸ್ತುಗಳಲ್ಲೂ ಹುಳುಕು ಹುಡುಕುವವನು ಒಂದರಲ್ಲಿ ಮಾತ್ರ ಕಂಡವನಲ್ಲ. ಅದು ಸಿಗರೇಟು. ಎದ್ದ ಕೂಡಲೇ ಒಂದು, ಬಸ್ಸಿಗೆ ಕಾಯುವಾಗ ಒಂದು, ಬಸ್ಸು ಬರದಿದ್ದರೆ ಸಿಟ್ಟಿಗೆ ಒಂದು, ಬಂದರೆ ಅರ್ಧ ಸೇದಿ ಎಸೆದದ್ದಕ್ಕೆ ಪರಿಹಾರವಾಗಿ ಇಳಿದ ಮೇಲೆ ಮತ್ತೊಂದು.

ಹೆಂಡತಿಯ ಸಂಕಟಕ್ಕೆ ಇನ್ನೊಂದು ಕಾರಣವಿತ್ತು. ಅವಳು ಕೆಲಸ ಮಾಡುತ್ತಿದ್ದದ್ದು ಶ್ವಾಸಕೋಶದ ಡಾಕ್ಟರ ಕ್ಲಿನಿಕ್ಕಿನಲ್ಲಿ. ಬಾಗಿಲ ಪಕ್ಕದ ಗಾಜಿನ ಗೂಡಿನಲ್ಲಿ ಕುಳಿತು ಬಂದವರಿಗೆ ಟೋಕನ್ ಕೊಡುವುದು, ಸರದಿ ಬಂದಾಗ ಕೂಗುವುದು. ದಿನವಿಡೀ ಕೆಮ್ಮು ಕೇಳಿ ಕೇಳಿ, ಯಾವ ಕೆಮ್ಮು ಮಾತ್ರೆಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಗಾಜಿನಾಚೆಯಿಂದಲೇ ಅಂದಾಜು ಸಿಗುತ್ತಿತ್ತು. ಸಂಜೆ ಮನೆಗೆ ಬಂದರೆ ಟೋಕನ್ ಇಲ್ಲದ ಕೆಮ್ಮೊಂದು ಸೋಫಾದ ಮೇಲೆ ಕುಳಿತಿರುತ್ತಿತ್ತು. ಆ ಕೆಮ್ಮಿನ ದನಿ ಇತ್ತೀಚೆಗೆ ಬದಲಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಅವನನ್ನು ಹೆಚ್ಚುಕಡಿಮೆ ಕತ್ತುಹಿಡಿದು ಕ್ಲಿನಿಕ್ಕಿಗೆ ಕರೆದೊಯ್ದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ತೊಟ್ಟಣ್ಣನೂ ಬಗ್ಗಿ ನೋಡಿ, ಪ್ರಿಂಟಿನ ಅಂಚು ಮಸುಕಾಗಿದೆ ಎಂದ. ಮಸುಕಾಗಿರುವುದು ಪ್ರಿಂಟಲ್ಲ ಎಂದರು ಡಾಕ್ಟರು. ಇನ್ನೂ ಕಾಲ ಮಿಂಚಿಲ್ಲ, ಆದರೆ ಹೀಗೇ ಎಳೆಯುತ್ತಾ ಹೋದರೆ ಮುಂದಿನ ವರ್ಷ ಮಾತಾಡುವುದು ನಾನಲ್ಲ, ಆಪರೇಷನ್ ಮಾಡುವವರು ಎಂದೂ ಸೇರಿಸಿದರು. ಕೈಗೂ ಬಾಯಿಗೂ ಏನಾದರೂ ಬದಲಿ ಕೊಡಿ ಎಂಬುದು ಅವರ ಸಲಹೆ.

ಬದಲಿಯ ಆಯ್ಕೆ ಶುರುವಾಯಿತು. ಚ್ಯೂಯಿಂಗ್ ಗಮ್ ಹಲ್ಲಿಗಂಟಿತು. ಕ್ಯಾರೆಟ್ಟು ಕೊಟ್ಟರೆ ತಾನೇನು ಮೊಲವೇ ಎಂದ. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಯಾರೋ ಅವನಿಗೆ ಒಣಗಿಸಿದ ಮಾಂಸದ ಕಡ್ಡಿ ಕೊಟ್ಟರು. ಸಾಸೇಜಿನ ತಮ್ಮ ಎನ್ನಬಹುದಾದ, ಬೆರಳಿಗಿಂತ ತೆಳ್ಳಗಿನ, ಚೀಪುತ್ತಾ ಕಚ್ಚುತ್ತಾ ಹೊತ್ತು ಕಳೆಯಬಹುದಾದ ತಿಂಡಿ. ಎರಡು ಬೆರಳ ನಡುವೆ ಹಿಡಿಯಬಹುದು, ತುಟಿಯ ಮೂಲೆಯಲ್ಲಿ ಇಡಬಹುದು. ತೊಟ್ಟಣ್ಣ ಮನೆಗೆ ಬಂದು ಕಡ್ಡಿ ಮುರಿದಂತೆ ಹೇಳಿಬಿಟ್ಟ. ಅಂಗಡಿಯ ಕಡ್ಡಿಗಳು ಒಂದೋ ಜಿಡ್ಡು, ಇಲ್ಲವೋ ತೊಗಲು. ಆದ್ದರಿಂದ ಮನೆಯಲ್ಲೇ ಮಾಡತಕ್ಕದ್ದು.

"ಒಂದು ಒಳ್ಳೆ ಮೆಷಿನ್ ಬರ್ಲಿ," ಎಂದ. "ನಮ್ಮನೇ ಕಡ್ಡಿ ಬಾಯಿಗೆ ಬಂದ ದಿನ ಆ ಹೊಗೆ ಕಡ್ಡಿ ಬಿಟ್ಟೆ. ನಿನ್ನಾಣೆ."

ಅವಳು ನಂಬಿದಳು. ಅವನು ಸುಳ್ಳು ಹೇಳುವವನಲ್ಲ. ಅವಳ ಕಿವಿ ತಪ್ಪಿಸಿಕೊಂಡದ್ದು 'ಒಳ್ಳೆ' ಎಂಬ ಚಿಕ್ಕ ಮಾತು.

ಅಲ್ಲಿಂದ ಭಾನುವಾರಗಳು ಹಾಳಾದವು. ಮೊದಲು ಮಾಂಸ ಅರೆಯುವ ಯಂತ್ರಕ್ಕೇ ಕೊಳವೆ ಸಿಕ್ಕಿಸುವಂಥದ್ದನ್ನು ನೋಡಿದರು. ಅಗ್ಗ, ಚೊಕ್ಕ, ಒಂದರಲ್ಲೇ ಎರಡು ಕೆಲಸ. ತೊಟ್ಟಣ್ಣ ಒಪ್ಪಲಿಲ್ಲ. ಒಮ್ಮೆ ಅರೆದ ಮಾಂಸವನ್ನು ಅದು ತಳ್ಳುವ ನೆಪದಲ್ಲಿ ಮತ್ತೆ ಹಿಂಡುತ್ತದೆ, ಬಿಸಿಯೇರಿ ಕೊಬ್ಬು ಕರಗುತ್ತದೆ, ಕಡ್ಡಿಯ ಬದಲು ಲೇಹ್ಯ ಬರುತ್ತದೆ ಎಂದ. ಅಡ್ಡಡ್ಡ ಮಲಗುವ ಯಂತ್ರಕ್ಕೆ ಮೇಜಿನುದ್ದ ಜಾಗ ಬೇಕಿತ್ತು. ನೆಟ್ಟಗೆ ನಿಲ್ಲುವುದು ವಾಸಿ, ಆದರೆ ಒಂದರ ಹಲ್ಲುಚಕ್ರ ಪ್ಲಾಸ್ಟಿಕ್ಕು, ಗಟ್ಟಿ ಮಾಂಸಕ್ಕೆ ಹಲ್ಲು ಉದುರುವುದು ಖಂಡಿತ. ಇನ್ನೊಂದರ ಚಕ್ರ ಉಕ್ಕಿನದು, ಆದರೆ ಮಾಂಸ ತಳ್ಳುವ ಒತ್ತುಬಿಲ್ಲೆಯಲ್ಲಿ ಗಾಳಿ ಹೊರಹೋಗುವ ತೂತಿಲ್ಲ; ಗಾಳಿ ಒಳಗೇ ಉಳಿದು ಮಾಂಸ ತುಂಬಿದ ಪೊರೆ ಪಟ್ಟೆಂದು ಒಡೆಯುತ್ತದೆ. ಮೂರನೆಯದರಲ್ಲಿ ತೂತಿತ್ತು, ದಪ್ಪ ಸಾಸೇಜಿನ ಕೊಳವೆಗಳಿದ್ದವು, ತೆಳು ಕಡ್ಡಿಯ ಕೊಳವೆ ಇರಲಿಲ್ಲ. ಕರೆಂಟಿನದಕ್ಕೆ ಅವಸರ ಜಾಸ್ತಿ. ಎಲ್ಲವೂ ಸರಿಯಿದ್ದ ಒಂದರ ಹಿಡಿ ಎಡಗಡೆಗಿತ್ತು.

ಅವಳಿಗೆ ಉರಿಯುತ್ತಿದ್ದದ್ದು ಅವನು ತಪ್ಪು ಹೇಳುತ್ತಾನೆಂದಲ್ಲ. ಅವನು ಹೇಳುತ್ತಿದ್ದದ್ದು ಪ್ರತಿಸಲವೂ ಸರಿಯಾಗಿರುತ್ತಿತ್ತು. ಅಂಗಡಿಯವರೇ ತಲೆದೂಗಿ, ನೀವು ನಮ್ಮಲ್ಲಿ ಕೆಲಸಕ್ಕೆ ಬನ್ನಿ ಎನ್ನುತ್ತಿದ್ದರು. ಸರಿಯಾದ ಮಾತನ್ನು ಎದುರಿಸುವುದು ಹೇಗೆಂದು ತಿಳಿಯದೆ ಅವಳು ಹಲ್ಲು ಕಚ್ಚಿಕೊಂಡಿರುತ್ತಿದ್ದಳು. ಬೇಡವೆಂದ ಮೇಲೆ ಅವನು ಅಂಗಡಿಯ ಹೊರಗೆ ಬಂದು, ಯೋಚನೆ ಮಾಡುವುದಕ್ಕೆಂದು ಒಂದು ಹಚ್ಚುತ್ತಿದ್ದ. ಕಷ್ಟದ ಯಂತ್ರವಾದರೆ ಎರಡು. ದಿನಕ್ಕೊಂದು ಪ್ಯಾಕು ಸೇದುತ್ತಿದ್ದವನು, ಸಿಗರೇಟು ಬಿಡುವ ಯಂತ್ರ ಹುಡುಕಲು ಹೊರಟ ಮೇಲೆ ಜೇಬಿನಲ್ಲಿ ಎರಡನೆಯ ಪ್ಯಾಕು ಇಟ್ಟುಕೊಳ್ಳತೊಡಗಿದ. ಅವಳ ಹೊಟ್ಟೆಯೊಳಗೂ ಏನೋ ಹೊಗೆಯಾಡುತ್ತಿತ್ತು. ಅದಕ್ಕೆ ಪ್ಯಾಕಿನ ಖರ್ಚೂ ಇರಲಿಲ್ಲ.

ಕ್ಲಿನಿಕ್ಕಿನಲ್ಲಿ ಇದು ಎಲ್ಲರಿಗೂ ಗೊತ್ತಾಗಿಹೋಗಿತ್ತು. ನರ್ಸು ಕೇಳುವಳು, ಔಷಧಿ ಅಂಗಡಿಯವನು ಕೇಳುವನು. ಕೊನೆಗೊಂದು ದಿನ ಡಾಕ್ಟರೇ ಗಾಜಿನ ಗೂಡಿನ ಬಳಿ ನಿಂತು, ನಿಮ್ಮ ಮೆಷಿನ್ ಬಂತಾ ಎಂದರು. ಇಲ್ಲ ಎಂದಳು. ಅವರು ನಗಲಿಲ್ಲ. "ಬೇಗ ಆದ್ರೆ ಒಳ್ಳೇದಮ್ಮ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ನಕ್ಕಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಆ ದಿನ ಮಧ್ಯಾಹ್ನವೇ ರಜೆ ಹಾಕಿ, ಬಟ್ಟೆ ಒಗೆಯುವ ಅಂಗಡಿ ಇಟ್ಟುಕೊಂಡಿದ್ದ ತಂಗಿಯನ್ನು ಎಬ್ಬಿಸಿಕೊಂಡು ನೇರ ಆ ಬೆರಳಿನ ಅಂಗಡಿಗೆ ನಡೆದಳು.

"ಯಜಮಾನ್ರು ಬರಲ್ವಾ?" ಎಂದ ಅಂಗಡಿಯವನು, ಬಾಗಿಲ ಕಡೆ ಹೆದರಿಕೆಯಿಂದ ಇಣುಕಿ.

"ಅವ್ರು ಬಂದ್ರೆ ನೀವು ಮಾರಲ್ಲ, ನಾನು ಕೊಳ್ಳಲ್ಲ. ನಿಂತಿರೋದು, ಉಕ್ಕಿನ ಚಕ್ರ, ಗಾಳಿಗೆ ತೂತು, ತೆಳು ಕೊಳವೆ. ಕೊಡಿ."

ಇಷ್ಟು ತಿಂಗಳು ಕೇಳಿ ಕೇಳಿ ಅವಳಿಗೂ ಬಾಯಿಪಾಠವಾಗಿತ್ತು. ಅವನು ಒಳಗಿನಿಂದ ತಂದದ್ದು ಬೆರಳು ಸಿಕ್ಕಿಕೊಂಡಿದ್ದ ಅದೇ ಯಂತ್ರ, ಎಣ್ಣೆ ಒರೆಸಿಟ್ಟದ್ದು. ಒಳಗಡೆ ಫಿನಿಶಿಂಗ್ ಹೇಗಿದೆಯೆಂದು ಅವಳು ನೋಡಲಿಲ್ಲ. ಬೆರಳು ಹಾಕಲು ಹೋದ ತಂಗಿಯ ಕೈಗೆ ಮಾತ್ರ ಒಂದೇಟು ಕೊಟ್ಟಳು.

ಮಾಡುವುದು ಕೊಳ್ಳುವಷ್ಟು ಸಲೀಸಾಗಿರಲಿಲ್ಲ. ಅವನು ಕಾರ್ಖಾನೆಗೆ ಹೋದ ಮೇಲೆ, ತಂಗಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿಗೆ ಯಂತ್ರ ಬಿಗಿದು ಶುರುಮಾಡಿದರು. ತೆಳು ಕೊಳವೆಯಲ್ಲಿ ಗಟ್ಟಿ ಮಾಂಸ ಇಳಿಯಲೊಲ್ಲದು. ಹಿಡಿ ತಿರುಗಿಸಿದರೆ ಯಂತ್ರ ಕದಲದೆ ಮೇಜೇ ತಿರುಗಿತು. ತಂಗಿ ಮೇಜಿನ ಮೇಲೆ ಹತ್ತಿ ಕುಳಿತಳು. ತಾನು ದಪ್ಪಗಿದ್ದೇನೆಂದು ಭಾವ ಹಂಗಿಸುತ್ತಿದ್ದರಲ್ಲ, ಈಗ ಬಂದು ನೋಡಲಿ ಉಪಯೋಗಾನ ಎಂದಳು. ಮೊದಲ ದಿನ ಪೊರೆಗಳೆಲ್ಲ ಒಡೆದವು. ಒಂದಂತೂ ಒಗೆದು ಒಣಗಿಸಿದ್ದ ಯಾರದೋ ಬಿಳಿ ಷರಟಿನ ಜೇಬಿಗೆ ನೇರವಾಗಿ ಹೋಗಿ ಕುಳಿತಿತು. ಎರಡನೆಯ ಸಲ ಮಾಂಸವನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ, ಐಸುನೀರು ಬೆರೆಸಿ, ಅಂಟು ಬರುವ ತನಕ ನಾದಿದಳು. ಬೆರಳು ಮರಗಟ್ಟಿದವು. ಆದರೂ ಕಡ್ಡಿ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಸೊರಗಿ, ಕಾಯಿಲೆಯಿಂದ ಎದ್ದವರ ಹಾಗೆ ಬಂತು. "ಬಿಡಕ್ಕಾ, ಭಾವ ಸೇದ್ಕೊಂಡೇ ಇರ್ಲಿ" ಎಂದಳು ತಂಗಿ, ಹಣೆಯ ಮೇಲಿನ ಮಾಂಸ ಒರೆಸಿಕೊಳ್ಳುತ್ತಾ. ಅಕ್ಕ ಯಂತ್ರ ತೊಳೆಯತೊಡಗಿದ್ದು ನೋಡಿ, ಅವಳು ಮತ್ತೆ ಆ ಮಾತೆತ್ತಲಿಲ್ಲ. ಮರುದಿನ ತಾನೇ ಮೊದಲು ಬಂದು ಮೇಜೇರಿ ಕುಳಿತಳು.

ಕಡೆಗೊಂದು ದಿನ ಕಡ್ಡಿ ಬಂತು. ನೆಟ್ಟಗೆ, ಒಂದೇ ದಪ್ಪಕ್ಕೆ, ತಟ್ಟೆಯ ಮೇಲೆ ಸುರುಳಿ ಸುತ್ತುತ್ತಾ ಬಂತು. ಓವೆನ್ನಿನ ಬಾಗಿಲು ಸ್ವಲ್ಪ ತೆರೆದಿರಲೆಂದು ಮರದ ಚಮಚ ಸಿಕ್ಕಿಸಿ, ಸಣ್ಣ ಕಾವಿನಲ್ಲಿ ನಿಧಾನ ಒಣಗಿಸಿ, ಒಳಗಿನ ತನಕ ಬೆಂದಿದೆಯೇ ಎಂದು ಸೂಜಿಯ ಥರ್ಮಾಮೀಟರು ಚುಚ್ಚಿ ನೋಡಿದಳು. ಹೊಗೆ ಹಾಕಬೇಕೆಂದು ಎಲ್ಲೋ ಓದಿದ್ದಳು. ಹಾಕಲಿಲ್ಲ; ಮನೆಯಲ್ಲಿ ಈಗಿರುವ ಹೊಗೆ ಸಾಕೆನಿಸಿತು. ಗಂಡನ ಒಂದು ಸಿಗರೇಟನ್ನು ಪಕ್ಕದಲ್ಲಿಟ್ಟುಕೊಂಡು, ಅದೇ ಉದ್ದಕ್ಕೆ ಎಲ್ಲವನ್ನೂ ಕತ್ತರಿಸಿ, ಸ್ಟೀಲಿನ ಲೋಟದಲ್ಲಿ ನಿಲ್ಲಿಸಿದಳು.

ಸಂಜೆ ತೊಟ್ಟಣ್ಣ ಬಂದಾಗ ಊಟದ ಮೇಜಿನ ಮೇಲೆ ಯಂತ್ರವಿತ್ತು, ಅದರ ಮುಂದೆ ಲೋಟವಿತ್ತು, ಎರಡರ ಹಿಂದೆ ಅಕ್ಕತಂಗಿಯರಿದ್ದರು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಯಂತ್ರದ ಸುತ್ತ ಒಂದು ಸುತ್ತು ಬಂದ.

"ಇದನ್ನ ಯಾರು ಪಾಸು ಮಾಡಿದ್ದು?"

"ನಾನು."

ಅವನು ಅವಳ ಮುಖ ನೋಡಿದ. ಲೋಟದಿಂದ ಒಂದು ಕಡ್ಡಿ ಎತ್ತಿದ. ಬೆಳಕಿಗೆ ಹಿಡಿದ. ಮೂಸಿದ. ಬಗ್ಗಿಸಿ, ಅದು ಟಪ್ಪೆಂದು ಮುರಿದದ್ದನ್ನು ಕಿವಿಗೊಟ್ಟು ಕೇಳಿದ. ಮುರಿದ ಬಾಯಿಯ ಕೆಳಗೆ ಕಾಗದ ಹಿಡಿದು, ಜಿಡ್ಡು ತೊಟ್ಟಿಕ್ಕುತ್ತದೆಯೇ ಎಂದು ಕಾದ. ಕಾಗದ ಒಣದಾಗಿಯೇ ಉಳಿಯಿತು. ತಂಗಿ ಉಸಿರು ಬಿಗಿಹಿಡಿದಿದ್ದಳು. ಅವಳಿಗಿಂತ ಹೆಚ್ಚು ಬಿಗಿಹಿಡಿದಿದ್ದ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ತಿಂದ. ಇನ್ನೊಂದು ತೆಗೆದುಕೊಂಡ. ಕುರ್ಚಿ ಎಳೆದು ಕುಳಿತು ಮೂರನೆಯದನ್ನು ತುಟಿಯ ಮೂಲೆಯಲ್ಲಿಟ್ಟು, ಕಣ್ಣು ಅರೆಮುಚ್ಚಿ, ಚೀಪುತ್ತಾ ಕಚ್ಚುತ್ತಾ ಮುಗಿಸಿದ. ಲೋಟದ ತಳ ಕಾಣಿಸತೊಡಗಿತು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಕೈ ಜೇಬಿಗೆ ಹೋಗಲಿಲ್ಲ ಎಂಬುದನ್ನು ಹೆಂಡತಿ ಗಮನಿಸಿದಳು. ಕೆಮ್ಮೂ ಬರಲಿಲ್ಲ.

"ಪಾಸು," ಎಂದ ತೊಟ್ಟಣ್ಣ.

ಆ ಮನೆಯ ಗೋಡೆಗಳು ಆ ತೀರ್ಪನ್ನು ಅವನ ಬಾಯಲ್ಲಿ ಅದೇ ಮೊದಲು ಕೇಳಿದ್ದು. ತಂಗಿ ಅಕ್ಕನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಐಸುನೀರಿನಲ್ಲಿ ಮರಗಟ್ಟಿದ ಬೆರಳು, ಒಡೆದ ಪೊರೆ, ಹಾಳಾದ ಭಾನುವಾರಗಳು, ಗಾಜಿನ ಗೂಡಿನ ಮುಂದೆ ನಗದೆ ನಿಂತ ಡಾಕ್ಟರು, ಎಲ್ಲವೂ ಆ ಒಂದು ಮಾತಿಗೆ ತೀರಿಹೋದಂತೆ ಅಕ್ಕನಿಗೆ ಅನಿಸಿತು. ಅವನ ಪಕ್ಕದ ಕುರ್ಚಿಯಲ್ಲಿ ಕುಳಿತು, ಅವನ ತೋಳಿನ ಮೇಲೆ ಕೈಯಿಟ್ಟು, ಎಷ್ಟೋ ತಿಂಗಳ ಮೇಲೆ ಮೃದುವಾಗಿ ಕೇಳಿದಳು.

"ಈಗ ಹೇಳಿ. ಇನ್ನೇನು ಬೇಕು ನಿಮಗೆ?"

ತೊಟ್ಟಣ್ಣ ತೃಪ್ತಿಯಿಂದ ಕುರ್ಚಿಗೆ ಒರಗಿದ.

"ಬೆಂಕಿಪೊಟ್ಟಣ," ಎಂದ. "ಇಷ್ಟು ಚೆನ್ನಾಗಿರೋದು ತಿಂದ್ಮೇಲೆ ಒಂದು ಸೇದ್ಬೇಕು ಅನ್ಸುತ್ತೆ."