ಸತ್ಯವ್ವ ಕೇಳಿದ ಪ್ರಶ್ನೆ

ಕುಳಗೇರಿ ಕ್ರಾಸಿನಲ್ಲಿ ಇಳಿದು ಉಂಡವರೆಲ್ಲ ಸತ್ಯವ್ವನ ರೊಟ್ಟಿ ತಿಂದವರೇ. ಇಲ್ಲಿನ ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದು ಕೊಡುವುದೇ ಅವಳ ಕಸುಬು. ಗಂಡ ಬೀರಲಿಂಗಪ್ಪ ಕುರಿ ಕಾಯುತ್ತಿದ್ದವನು, ಬೇಗ ತೀರಿಹೋದ. ಮಗಳು ರಾಜಶ್ರೀಯನ್ನು ಹುನಗುಂದಕ್ಕೆ ಕೊಟ್ಟಿದ್ದಾಳೆ. ಮನೆಯಲ್ಲಿ ಉಳಿದವನು ಮಗ ಹಣಮೇಶ. ಮೂವತ್ತರ ಹತ್ತಿರದ ವಯಸ್ಸು, ಎತ್ತಿನಂಥ ಮೈ, ಬಾಯಲ್ಲಿ ಮಾತಿಲ್ಲ. ಜನ ಅವನನ್ನು ಹುಚ್ಚ ಎಂದರು, ದೇವರ ಶಾಪ ಎಂದರು, ತಾಯಿ ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಳು ಎಂದರು. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಅನ್ನುತ್ತದೆ.

ಹಣಮೇಶ ತಾಯಿಯ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಉಣ್ಣುವುದಿಲ್ಲ. ಅದು ಹಟವಲ್ಲ, ಅವನಿರುವುದೇ ಹಾಗೆ. ಹೋದ ವರ್ಷ ಎದೆನೋವೆಂದು ಸತ್ಯವ್ವ ಬಾದಾಮಿಯಲ್ಲಿ ದವಾಖಾನೆ ಸೇರಿದಾಗ ರಾಜಶ್ರೀ ಬಂದು ಎಷ್ಟು ಬೇಡಿಕೊಂಡರೂ ಅವನು ಒಂದು ತುತ್ತು ಮುಟ್ಟಲಿಲ್ಲ. ಸುದ್ದಿ ತಿಳಿದ ಸತ್ಯವ್ವ ಡಾಕ್ಟರ ಬೈಗುಳಕ್ಕೂ ಜಗ್ಗದೆ ಸಲಾಯಿನ್ ಸೂಜಿ ಕಿತ್ತುಕೊಂಡು ಮನೆಗೆ ಬಂದಳು. ಗುಂಡಿಗೆ ಸೋತಿದೆ, ಹೆಚ್ಚು ದಿನದ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಎದುರಿಗೆ ಕಿರಾಣಿ ಅಂಗಡಿ ಇಟ್ಟಿರುವ ನನಗೆ ಮಾತ್ರ ತಿಳಿಸಿದಳು. ಮಗಳ ಅತ್ತೆಯ ಮನೆಯವರು ಮೊದಲೇ ಹೇಳಿಬಿಟ್ಟಿದ್ದರು: ಹಣಮೇಶನನ್ನು ಹಬ್ಬಕ್ಕೆ ಬೇಕಾದರೆ ಕರೆತನ್ನಿ, ಇಟ್ಟುಕೊಳ್ಳುವ ಮಾತು ಬೇಡ.

ಆಮೇಲೆ ಹಣಮೇಶನಂಥವರ ಅಧ್ಯಯನಕ್ಕೆಂದು ಒಂದು ಸಂಶೋಧನಾ ತಂಡ ಬಂತು. ತಂಡದ ಕೆಲಸಕ್ಕಿದ್ದ ಇಳಕಲ್ಲಿನ ಹುಡುಗಿ ಸುಧಾರಾಣಿ ಇಂಥವರನ್ನು ಹುಡುಕುತ್ತ ಊರೂರು ತಿರುಗುತ್ತಿದ್ದಳು. ಇದಕ್ಕೆ ಆಟಿಸಂ ಅನ್ನುತ್ತಾರೆ, ಇದು ಶಾಪವಲ್ಲ, ನಿನ್ನ ತಪ್ಪೂ ಅಲ್ಲ ಎಂದು ಸತ್ಯವ್ವನಿಗೆ ಮೊದಲು ಹೇಳಿದವಳು ಅವಳೇ. ಅವತ್ತು ಸತ್ಯವ್ವ ಮನಸಾರೆ ಅತ್ತಳು. ಅಷ್ಟರ ಮಟ್ಟಿಗೆ ಆ ತಂಡಕ್ಕೆ ನನ್ನದೂ ಒಂದು ನಮಸ್ಕಾರ.

ಈ ಸಲ ವಿದೇಶದಲ್ಲೊಂದು ದೊಡ್ಡ ಸಮ್ಮೇಳನ ಇತ್ತು. ತಂಡದ ಮುಖ್ಯಸ್ಥೆ, ಕನ್ನಡ ಬಾರದ ದೆಹಲಿಯ ಡಾಕ್ಟರಮ್ಮ, ಅಲ್ಲಿ ಅಧ್ಯಯನ ಮಂಡಿಸುವುದು. ಕೊನೆಗೆ ಒಬ್ಬ ತಾಯಿ ತಂಡದ ಬಾಗಲಕೋಟೆಯ ಕಚೇರಿಯಿಂದ ಪರದೆಯ ಮೇಲೆ ಮಾತಾಡುವುದು ಎಂದಾಯಿತು. ಸುಧಾರಾಣಿ ಸತ್ಯವ್ವನನ್ನು ಕರೆದಳು.

"ಅಲ್ಲಿ ಎಲ್ಲಾ ದೇಶದ ಡಾಕ್ಟರು ಇರ್ತಾರೇನ ತಂಗಿ?"

"ಎಲ್ಲಾರೂ ಇರ್ತಾರವ್ವಾ."

"ಹಂಗಾದ್ರ ಬರ್ತೇನಿ. ನಂದೊಂದು ಮಾತು ಕೇಳೂದೈತಿ."

ಹಣಮೇಶನನ್ನು ಬಿಟ್ಟು ಹೋಗುವಂತಿರಲಿಲ್ಲ. ಬಸ್ಸಿನಲ್ಲಿ ಅವನನ್ನು ಹಿಡಿದುಕೊಳ್ಳಲು ನಾನೂ ಹೋದೆ.

ಪರದೆಯ ಮೇಲೆ ನಮ್ಮ ಕಲ್ಯಾಣ ಮಂಟಪಕ್ಕಿಂತ ದೊಡ್ಡ ಸಭೆ ಕಂಡಿತು. ಡಾಕ್ಟರಮ್ಮ ತೋರಿಸಿದ ಗೆರೆಗಳು ಏರಿದವು, ಇಳಿದವು, ನಡುವೆ ಹಣಮೇಶನ ಫೋಟೋ ಒಂದು ಕ್ಷಣ ಬಂದು ಹೋಯಿತು. ಸರದಿ ಬಂದಾಗ ಸತ್ಯವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಅಂಜದೆ ಕೇಳಿದಳು.

"ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮಗಾ ನನ್ನ ಕೈಲೇ ಅಷ್ಟ ಉಣ್ತಾನ್ರಿ. ನಾ ಭಾಳ ದಿನ ಉಳಿಯಂಗಿಲ್ಲ. ನಾ ಸತ್ತ ಮ್ಯಾಲ ಇವಗ ಯಾರು ಉಣಸ್ತಾರ್ರಿ? ನೀವು ಕಲ್ತವ್ರದೀರಿ, ಒಂದು ದಾರಿ ಹೇಳ್ರಿ."

ಪಕ್ಕದಲ್ಲಿದ್ದ ಸುಧಾರಾಣಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಇಡೀ ಸಭೆ ಚಪ್ಪಾಳೆ ತಟ್ಟಿತು, ಕೆಲವರು ಎದ್ದೇ ನಿಂತರು. ಹಣಮೇಶ ಕಿವಿ ಮುಚ್ಚಿಕೊಂಡು ತಾಯಿಯ ತೊಡೆಯ ಮೇಲೆ ಬಗ್ಗಿದ. ಪರದೆ ಆರಿತು.

"ನಾ ಸತ್ತ ಮ್ಯಾಲ ಅಂದ್ರ ಚಪ್ಪಾಳಿ ಯಾಕ ಹೊಡದ್ರು, ಸುಧಾ?"

ಹುಡುಗಿ ತಲೆ ತಗ್ಗಿಸಿದಳು. "ಅದನ್ನ ನಾ ಹೇಳಲಿಲ್ಲವ್ವಾ. ಅಷ್ಟು ದೊಡ್ಡವರ ಮುಂದ ಸಾವಿನ ಮಾತು ಹೆಂಗ ಆಡೂದು ಅನಿಸ್ತು. ನಿಮ್ಮಿಂದ ಧೈರ್ಯ ಬಂತು, ಭಾಳ ಉಪಕಾರ ಆತು ಅಂತ ಹೇಳೀನಿ."

"ಈಗ ಕೇಳು."

"ಮುಗದ ಹೋತವ್ವಾ. ಬ್ಯಾರೇ ದೇಶದವರು ಚಾಲೂ ಮಾಡ್ಯಾರ."

ನನಗೆ ಮೈಯೆಲ್ಲ ಉರಿಯಿತು. ಹುಡುಗಿ ಕೆಟ್ಟವಳಲ್ಲ. ಬೀಗರ ಮುಂದೆ ಮನೆಯ ಅಳಲು ತೋಡಿಕೊಳ್ಳಬಾರದು ಎಂದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಕಲಿಸುತ್ತೇವಲ್ಲ, ಆ ಸಂಸ್ಕಾರಕ್ಕೆ ಬೆಂಕಿ ಬೀಳಲಿ. ಆಮೇಲೆ ಅವಳು ಡಾಕ್ಟರಮ್ಮನಿಗೆ ಬರೆದು ಕೇಳಿದಳಂತೆ. ಮುಂದಿನ ಅಧ್ಯಯನದಲ್ಲಿ ನೋಡೋಣ ಎಂದು ಉತ್ತರ ಬಂತು.

ಸತ್ಯವ್ವ ಯಾರನ್ನೂ ಬೈಯಲಿಲ್ಲ. ಊರಿಗೆ ಮರಳಿದ ಮರುದಿನ ಪಕ್ಕದ ಮನೆಯ ಚಂದವ್ವನನ್ನು ಕರೆದು ಕೈಗೆ ರೊಟ್ಟಿ, ಪಲ್ಯ ಕೊಟ್ಟು ಹಣಮೇಶನ ಎದುರು ಕೂರಿಸಿದಳು. ತಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ನಾನು ಹಿಟ್ಟಿನ ಚೀಲ ಇಳಿಸಲು ಹೋದವನು ಅಲ್ಲೇ ನಿಂತುಬಿಟ್ಟೆ.

ಹಣಮೇಶ ಮುಖ ತಿರುಗಿಸಿದ. ತಾಯಿಯನ್ನು ಹುಡುಕಿದ. ಕಾಣದೆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ.

"ಬಾರವಾ ಸತ್ಯವ್ವಾ, ನನಗ ನೋಡಾಕಾಗವಲ್ದು!"

"ನಾ ಸತ್ತೇನಿ ಅಂತ ತಿಳಿ, ಚಂದವ್ವಾ. ಸತ್ತಾಕಿ ಹೆಂಗ ಬರ್ತಾಳ?" ಬಾಯಿಗೆ ಸೆರಗು ಒತ್ತಿಕೊಂಡೇ ಹೇಳಿದಳು.

ಅವನ ಹಣೆಯಿಂದ ರಕ್ತ ಬಂದಾಗ ತಡೆಯಲಾಗದೆ ಹೊರಗೆ ಬಂದಳು. ಅವನು ಅವಳ ಕೈಯಿಂದ ಗಬಗಬ ತಿಂದ. ಅವಳು ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈಯಿಂದ ತುತ್ತು ಇಡುತ್ತಿದ್ದಳು.

ಚಂದವ್ವ ಹೊರಡಲು ಎದ್ದಳು. ಸತ್ಯವ್ವ ತಲೆಯೆತ್ತದೆ ಅಂದಳು: "ನಾಳಿನೂ ಬಾರವಾ. ನಾಳೆ ಮತ್ತ ಸಾಯ್ತೇನಿ."