ಊರ್ ಪಟ್ಟಣಕ್ಕೆ ಸಾಕ್ಷಿ

ಬರ್ಮಿಂಗ್‌ಹ್ಯಾಮ್‌ನಲ್ಲಿ ಟ್ಯಾಕ್ಸಿ ಓಡಿಸಿ ಓಡಿಸಿ ನನ್ನ ಸೊಂಟ ಬಿದ್ದುಹೋಗಿತ್ತು, ಬಾಯಿ ಮಾತ್ರ ಗಟ್ಟಿಯಾಗಿತ್ತು. ಹಿಂದೆ ಇರಾಕಿನಲ್ಲಿ ಲಾರಿ ಓಡಿಸಿದವನು ನಾನು. ಅಲ್ಲಿ ಊರ್ ಎಂಬ ಸುಮೇರಿಯನ್ನರ ಹಾಳು ಪಟ್ಟಣವಿದೆ. ಬೇರೆ ಗ್ರಹದಿಂದ ಬಂದ ಆಕಾಶದವರು ವಿಮಾನ ಇಳಿಸಲು ಕಟ್ಟಿದ ಇಟ್ಟಿಗೆ ಗೋಪುರವನ್ನು ಅಲ್ಲಿ ಕಣ್ಣಾರೆ ಕಂಡಿದ್ದೇನೆ ಎಂದರೆ, ಗಾಡಿ ಹತ್ತಿದವರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಹತ್ತಿದ ಇರಾಕಿನವನಿಗೂ ಅದನ್ನೇ ಶುರು ಮಾಡಿದೆ. ಅವನು ನಿಟ್ಟುಸಿರು ಬಿಟ್ಟ.

"ಚಾಚಾ, ಆ ಗೋಪುರದ ಹತ್ತಿರವೇ ನಮ್ಮ ಮನೆ. ಅದು ಚಂದ್ರದೇವರ ಗುಡಿ."

ಆಶ್ರಯ ಕೇಳಿ ಬಂದಿದ್ದ ಅವನ ವಿಚಾರಣೆ ಅವತ್ತೇ ಇತ್ತು. ಅವನು ಆ ಕಡೆಯವನೆಂದು ಅಧಿಕಾರಿಗಳು ನಂಬದಿದ್ದರೆ ದೇಶದಿಂದ ಹೊರಗೆ ಕಳಿಸುತ್ತಿದ್ದರು.

"ಮೆಟ್ಟಿಲು, ಕುರಿ ಮೇಯಿಸಿದ ಜಾಗ, ಎಲ್ಲ ಹೋದ ಸಲವೇ ಹೇಳಿದೆ. ಪುಸ್ತಕದಲ್ಲಿ ಓದಿರುತ್ತೀಯ ಅಂದರು."

"ನಾನು ಬಂದು ಸಾಕ್ಷಿ ಹೇಳುತ್ತೇನೆ. ನನ್ನ ಮಾತನ್ನು ಇವತ್ತಿನವರೆಗೆ ಯಾರೂ ತಳ್ಳಿಹಾಕಿಲ್ಲ," ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. "ಆ ಆಕಾಶದವರು ಎಲ್ಲಿ ಇಳಿದಿದ್ದರು, ಚಾಚಾ?"

"ಗೋಪುರದ ತುದಿಗೆ. ವಿಮಾನದ ಬೆಂಕಿಗೆ ಇಟ್ಟಿಗೆ ಸಂದೆಲ್ಲ ಕರಿ ಹಿಡಿದಿತ್ತು, ನಾನೇ ಮುಟ್ಟಿ ನೋಡಿದ್ದೇನೆ."

"ಅದು ಕಟ್ಟುವಾಗ ಹಾಕಿದ ಡಾಂಬರು. ನೀವು ಕಾರಿನಲ್ಲೇ ಇರಿ. ಒಳಗೆ ಬಂದರೆ ಅಂಥ ಪಟ್ಟಣವೇ ಇಲ್ಲ ಅಂತ ಬರೆದುಕೊಳ್ಳುತ್ತಾರೆ."

ಮೀಟರ್ ಆರಿಸಿ ಹೊರಗೇ ಕಾದೆ. ಸುಸ್ತಾಗಿ ಬಂದು ಕೂತವನು, ಈ ಸಲ ನಂಬಿದ ಹಾಗಿದೆ ಅಂದ.

ನಾನು ಒಳಗೆ ಹೋಗದೆ ಮಾಡಿದ ಉಪಕಾರ ಅದು. ಇಡೀ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೇರೆ ಯಾರ ಕೈಯಲ್ಲೂ ಆಗುತ್ತಿರಲಿಲ್ಲ.